ಜವಳದ ಹೊಲ

ಕೆಲವರಿಗೆ ಎಲೆ ಅಡಿಕೆಯ ಚಟ, ಕೆಲವರಿಗೆ ನಶ್ಯದ ಚಟ, ನನಗೆ ಮಣ್ಣು ಮೂಸುವ ಚಟ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ನಾನು ಒಪ್ಪಿಕೊಳ್ಳದಿದ್ದರೂ ಧಾರವಾಡದಲ್ಲಿ ನನ್ನನ್ನು ಬಲ್ಲವರೆಲ್ಲ ಅದನ್ನೇ ಹೇಳುತ್ತಾರೆ. ಹೊಟ್ಟೆಪಾಡಿಗೆ ಅಂಟಿಕೊಂಡ ಚಟ ಇದು. ಮಣ್ಣು ಪರೀಕ್ಷೆಯ ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಸೇರಿದ ಹೊಸದರಲ್ಲಿ ಒಂದು ಸಂಜೆ ಹಿತ್ತಲಲ್ಲಿ ಕುಳಿತು, ಹಸಿ ಮಣ್ಣಿನ ಹೆಂಟೆಯೊಂದನ್ನು ಮುರಿದು ಮೂಗಿಗೆ ಹಿಡಿದದ್ದನ್ನು ನಮ್ಮ ಅತ್ತೆಯವರು ಅಡುಗೆಮನೆಯ ಕಿಟಕಿಯಿಂದ ನೋಡಿದರು. ಏನೂ ಕೇಳಲಿಲ್ಲ. ಮೂರು ದಿನ ಹುಣಸೆಹಣ್ಣಿನ ಚಿಗಳಿ ಮಾಡಿ ಮಾಡಿ ಕೊಟ್ಟರು, ಕೊಡ ಎತ್ತಬೇಡ ಎಂದರು, ಮೆಟ್ಟಿಲು ಇಳಿಯುವಾಗ ಕೈ ಹಿಡಿದರು. ಸೊಸೆಯ ಮೇಲೆ ಇದ್ದಕ್ಕಿದ್ದಂತೆ ಇಷ್ಟು ಪ್ರೀತಿ ಯಾಕೆ ಉಕ್ಕಿತೆಂದು ನಾನೂ ವಿಚಾರಿಸಲಿಲ್ಲ, ಚಿಗಳಿ ಚೆನ್ನಾಗಿತ್ತು. ನಾಲ್ಕನೆಯ ದಿನ ನನ್ನ ತವರಿನಿಂದ ಅವ್ವ ಬಾಯಿತುಂಬ ನಗುತ್ತ ಬಂದಿಳಿದಾಗಲೇ ವಿಷಯ ಗೊತ್ತಾದದ್ದು. ಇದು ಬಯಕೆಯಲ್ಲ, ನೌಕರಿ ಎಂದು ತಿಳಿಸಿ ಹೇಳುವಷ್ಟರಲ್ಲಿ ಇಬ್ಬರು ಹಿರಿಯರ ಮುಖವೂ ಬಾಡಿಹೋಗಿತ್ತು.

ಅಲ್ಲಿಂದ ಹೋದ ವರ್ಷದವರೆಗೂ ಹೇಗೋ ನಡೆದಿತ್ತು. ರೈತರು ಮಣ್ಣು ತಂದು ಕೊಡುತ್ತಿದ್ದರು, ನಾವು ಪರೀಕ್ಷೆ ಮಾಡಿ ಇದಕ್ಕೆ ಇಂಥ ಗೊಬ್ಬರ ಎಂದು ಚೀಟಿ ಬರೆದುಕೊಡುತ್ತಿದ್ದೆವು, ಅವರು ಆ ಚೀಟಿಯನ್ನು ಜೇಬಿಗಿಟ್ಟುಕೊಂಡು ಹೋಗಿ ತಮಗೆ ತೋಚಿದ ಗೊಬ್ಬರ ಹಾಕುತ್ತಿದ್ದರು. ಯಾರಿಗೂ ಯಾರ ಮೇಲೂ ಸಿಟ್ಟಿರಲಿಲ್ಲ. ಅಷ್ಟರಲ್ಲಿ ಮೇಲಿನಿಂದ ಆದೇಶ ಬಂತು. ಜಿಲ್ಲೆಯ ಜೌಗು ಪ್ರದೇಶಗಳನ್ನೆಲ್ಲ ಸ್ಥಳಕ್ಕೇ ಹೋಗಿ ಗುರುತಿಸಬೇಕು, ಗುರುತಿಸಿದ ಜಾಗವನ್ನು ಯಾರೂ ಮುಚ್ಚಿ ಕಟ್ಟಡ ಕಟ್ಟದಂತೆ ದಾಖಲೆ ಮಾಡಬೇಕು. ಕೇಳುವುದಕ್ಕೆ ಸುಲಭ. ಕೆಲಗೇರಿ ಕೆರೆಯನ್ನು ಗುರುತಿಸಲು ನನ್ನಂಥವಳು ಬೇಕಾಗಿಲ್ಲ, ದಿನಾ ಬೆಳಿಗ್ಗೆ ಅದರ ದಂಡೆಯ ಮೇಲೆ ಕೈ ಬೀಸಿಕೊಂಡು ಓಡಾಡುವ ನಿವೃತ್ತರೆಲ್ಲ ಗುರುತಿಸಬಲ್ಲರು. ತಾಪತ್ರಯ ಇರುವುದು ನೀರು ಕಾಣದ ಜಾಗಗಳಲ್ಲಿ. ವರ್ಷದಲ್ಲಿ ಕೆಲವು ತಿಂಗಳು ಹೊಟ್ಟೆತುಂಬ ನೀರು ಕುಡಿದು ಕುಳಿತು, ಬೇಸಿಗೆಯಲ್ಲಿ ತನಗೇನೂ ಗೊತ್ತೇ ಇಲ್ಲವೆಂಬಂತೆ ಒಣಗಿ ಬಿದ್ದಿರುವ ತಗ್ಗುಗಳು ಇರುತ್ತವಲ್ಲ, ಅಲ್ಲಿ ಮಣ್ಣಿನ ಬಾಯಿ ಬಿಡಿಸಬೇಕು. ಅದಕ್ಕೆ ಕಚೇರಿಯಲ್ಲಿ ಆರಿಸಿದ್ದು ನನ್ನನ್ನು.

ಬಾಯಿ ಬಿಡಿಸುವ ಕ್ರಮವನ್ನು ಹೇಳುವ ಒಂದು ಕೈಪಿಡಿಯನ್ನೂ ಕೊಟ್ಟರು. ಮೊಳದಷ್ಟು ಆಳ ಅಗೆಯಬೇಕು. ಬಹಳ ದಿನ ನೀರು ನಿಂತ ಮಣ್ಣಿಗೆ ಗಾಳಿ ಸಿಗುವುದಿಲ್ಲ, ಗಾಳಿ ಸಿಗದ ಕಡೆ ಮಣ್ಣಿನೊಳಗಿನ ಕಬ್ಬಿಣ ತನ್ನ ಕೆಂಪು ಕಳೆದುಕೊಂಡು ಮಣ್ಣು ಬೂದಿಬಣ್ಣಕ್ಕೆ ತಿರುಗುತ್ತದೆ. ಹುಲ್ಲಿನ ಬೇರು ಗಾಳಿಯನ್ನು ಒಳಗೆ ತಂದಲ್ಲಿ ಮಾತ್ರ ತುಕ್ಕಿನ ಎಳೆಗಳು ಮೂಡುತ್ತವೆ. ಒಮ್ಮೊಮ್ಮೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಇಲ್ಲಿಯೇ ನನಗೆ ಮೊದಲ ತೊಡಕು. ನಮ್ಮದು ಮೊಟ್ಟೆ ಮುಟ್ಟದ ಮನೆತನ, ಒಳ್ಳೆಯ ಮೊಟ್ಟೆಯ ವಾಸನೆಯೇ ಗೊತ್ತಿಲ್ಲ, ಇನ್ನು ಕೊಳೆತದ್ದು ಎಲ್ಲಿಂದ ಗೊತ್ತಾಗಬೇಕು. ನಮ್ಮ ಜೀಪಿನ ಚಾಲಕ ಇಮಾಮಸಾಬರನ್ನು ಕೇಳಿದೆ. ಹಳೇ ಹುಬ್ಬಳ್ಳಿಯವರು, ಕೇಳಿದ್ದಕ್ಕೆ ಇಲ್ಲ ಎನ್ನುವ ಮನುಷ್ಯರಲ್ಲ. ಒಂದು ಮೊಟ್ಟೆಯನ್ನು ಹದಿನೈದು ದಿನ ಬಿಸಿಲಿಗಿಟ್ಟು, ಡಬ್ಬಿಯಲ್ಲಿ ಹಾಕಿ ತಂದು, ಜೀಪಿನೊಳಗೆ ನನ್ನ ಮುಂದೆಯೇ ಮುಚ್ಚಳ ತೆಗೆದರು. ಆ ಲಕ್ಷಣವನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ಜೀಪು ಕೂಡ ಒಂದು ತಿಂಗಳು ಮರೆಯಲಿಲ್ಲ.

ಇನ್ನು ಬಣ್ಣದ ಕಥೆ. ಮಣ್ಣಿನ ಬಣ್ಣ ಹೋಲಿಸಲು ಚಿಕ್ಕ ಚಿಕ್ಕ ಬಣ್ಣದ ಚೀಟಿಗಳನ್ನು ಅಂಟಿಸಿದ ಪುಸ್ತಕವಿದೆ. ಹೆಂಟೆಯನ್ನು ತುಸು ಒದ್ದೆ ಮಾಡಿ, ಬೆಳಕಿಗೆ ಹಿಡಿದು, ಯಾವ ಚೀಟಿಗೆ ಕೂಡುತ್ತದೆ ಎಂದು ನೋಡಬೇಕು. ಹುಬ್ಬಳ್ಳಿಯ ಮ್ಯಾಚಿಂಗ್ ಸೆಂಟರಿನಲ್ಲಿ ರವಿಕೆಯ ಬಟ್ಟೆಯನ್ನು ಬಾಗಿಲಿನ ಬಿಸಿಲಿಗೆ ಒಯ್ದು ಸೀರೆಗೆ ಹಿಡಿದು ನೋಡಿದ ಅನುಭವ ಇದ್ದವರಿಗೆ ಇದೇನೂ ಕಷ್ಟವಲ್ಲ. ಆದರೆ ಈ ಪುಸ್ತಕ, ಕೈಪಿಡಿ ಮಾಡಿದ ಪುಣ್ಯಾತ್ಮರು ನಮ್ಮ ಕಡೆಯ ಎರೆಮಣ್ಣನ್ನು ಕಣ್ಣಿನಿಂದ ಕಂಡಿರಲಿಕ್ಕಿಲ್ಲ. ಕುಂದಗೋಳದ ಕಡೆ ಅಗೆದರೂ ಕರಿ, ನವಲಗುಂದದ ಕಡೆ ಅಗೆದರೂ ಕರಿ. ನಲವತ್ತು ಗುಂಡಿ ತೋಡಿ ನಲವತ್ತೂ ಸಲ ಪುಸ್ತಕದ ಅದೇ ಕೊನೆಯ ಕರಿ ಚೀಟಿಗೆ ಬಂದು ನಿಂತೆ. ಬೂದಿಯನ್ನೂ ತುಕ್ಕನ್ನೂ ಆ ಕರಿ ನುಂಗಿ ಕೂತಿರುತ್ತದೆ, ಹೆಂಟೆಯನ್ನು ಒಡೆದು ಒಳಗೆ ಇಣುಕಿದರೆ ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಮಳೆಗಾಲದಲ್ಲಿ ಹೋದರೆ ಪ್ರತಿಯೊಂದು ಹೊಲವೂ ಜೌಗು, ಬೇಸಿಗೆಯಲ್ಲಿ ಹೋದರೆ ಬಿರುಕಿನೊಳಗೆ ಅಳತೆಯ ಪಟ್ಟಿ ಬಿದ್ದು ಪಾತಾಳಕ್ಕೆ ಹೋಗುತ್ತದೆ. ಇಮಾಮಸಾಬರದು ಸುಲಭದ ಪರೀಕ್ಷೆ. ಗಾಡಿ ಕೆಸರಿನಲ್ಲಿ ಹುಗಿದರೆ ಕೆರೆ, ಹುಗಿಯದಿದ್ದರೆ ಹೊಲ. ಜುಲೈ ತಿಂಗಳಿನಲ್ಲಿ ಅವರ ಲೆಕ್ಕದಂತೆ ನಮ್ಮ ಕಚೇರಿಯ ಆವರಣವೂ ಕೆರೆಯೇ ಆಗಿತ್ತು.

ಈ ಕೆಲಸ ಮನೆಯನ್ನೂ ಹೊಕ್ಕಿತು. ಕೆಲವು ಮಾದರಿಗಳನ್ನು ಹಸಿಯಾಗಿಯೇ ತಂಪಿನಲ್ಲಿಡಬೇಕು, ಕಚೇರಿಯ ಫ್ರಿಜ್ಜು ಕೆಟ್ಟು ವರ್ಷವಾಗಿದೆ, ಹಾಗಾಗಿ ಅವು ನಮ್ಮ ಮನೆಯ ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪಕ್ಕದಲ್ಲಿ ಕೂತಿದ್ದವು. ನಮ್ಮವರಿಗೆ ಹುಬ್ಬಳ್ಳಿಯಲ್ಲಿ ಜವಳಿ ಅಂಗಡಿ. ಬೆಳಿಗ್ಗೆ ಅವಸರದಲ್ಲಿ ತಾವೇ ಬಡಿಸಿಕೊಂಡು ಉಂಡು ಹೋಗುವ ಮನುಷ್ಯರು. ಒಂದು ದಿನ ರೊಟ್ಟಿಯ ಮೇಲೆ ಕರ್ರಗಿನ ಗುರೆಳ್ಳು ಚಟ್ನಿ ಹಾಕಿಕೊಂಡು, ಅದರ ಮೇಲೆ ಮೊಸರು ಸುರಿದುಕೊಂಡು ಒಂದು ತುತ್ತು ಬಾಯಿಗಿಟ್ಟರು. ತುಸು ಹೊತ್ತು ಅಗಿದು, ಈ ಸಲದ ಚಟ್ನಿಗೆ ಉಪ್ಪು ಕಡಿಮೆಯಾಗಿದೆ, ಕುಟ್ಟಿದ್ದೂ ಸಾಲದು ಎಂದರು. ಅದು ಕುಸುಗಲ್ಲಿನ ಹಳ್ಳದ ದಂಡೆಯ ಮಣ್ಣು. ಸಮಾಧಾನವಾಗಲೆಂದು ಅದರಲ್ಲಿ ಕೆಟ್ಟದ್ದೇನೂ ಕಂಡುಬಂದಿಲ್ಲವೆಂದೆ. ಅವರು ಎದ್ದು ಕೈ ತೊಳೆದುಕೊಂಡರು, ಅಂದಿನಿಂದ ನಮ್ಮ ಮನೆಯಲ್ಲಿ ಗುರೆಳ್ಳು ಚಟ್ನಿಯನ್ನು ಯಾರೂ ಕೇಳುವುದಿಲ್ಲ.

ಇದೆಲ್ಲ ನಗೆಯ ಮಾತಾಯಿತು. ನಿಜವಾದ ಸಂಕಟ ಶುರುವಾದದ್ದು ಏಪ್ರಿಲ್ ತಿಂಗಳ ಪಟ್ಟಿಯಲ್ಲಿ ‘ಸುಳ್ಳ ಗ್ರಾಮ, ಜವಳದ ಹೊಲ’ ಎಂಬ ಸಾಲನ್ನು ಓದಿದಾಗ. ಆ ಹೊಲ ನಮ್ಮವರ ಕಾಕಾ ಗುರುಸಿದ್ದಪ್ಪನವರದು. ಅದರ ನಡುವೆ ಒಂದು ತಗ್ಗು, ಎಷ್ಟು ಸಲ ಬಿತ್ತಿದರೂ ಬೆಳೆ ಕೊಳೆಯುತ್ತದೆ. ಬೇಸತ್ತು ಆ ಹೊಲವನ್ನು ಗೋದಾಮು ಕಟ್ಟುವವರಿಗೆ ಕೊಡುವುದೆಂದು ಕಾಕಾ ಮಾತು ಕೊಟ್ಟಾಗಿತ್ತು. ತಗ್ಗು ಮುಚ್ಚಿ ನೆಲ ಮಟ್ಟ ಮಾಡಿ ಗೋದಾಮು ಏಳುವುದು. ನಾನು ಜೌಗು ಎಂದು ಬರೆದರೆ ಮುಚ್ಚುವ ಹಾಗಿಲ್ಲ, ಮುಚ್ಚದಿದ್ದರೆ ಕೊಳ್ಳುವವರಿಲ್ಲ, ಕಾಕಾನ ಮಾತು ನೆಲಕ್ಕೆ ಬಿದ್ದ ಹಾಗೆ. ಕಾಕಾ ಎಂದರೆ ಚಿಕ್ಕಪ್ಪ, ನಮ್ಮ ಮನೆಗೆ ಮಾವನವರ ಜಾಗದಲ್ಲಿರುವವರು. ನಾನು ನೇರವಾಗಿ ನಮ್ಮ ಸಾಹೇಬರ ಮುಂದೆ ಹೋಗಿ, ಇದು ನಮ್ಮ ಸಂಬಂಧಿಕರ ಹೊಲ, ಬೇರೆ ಯಾರನ್ನಾದರೂ ಕಳಿಸಿರಿ ಎಂದೆ. ಮಂಡ್ಯದ ಕಡೆಯ ಸಾಹೇಬರು, ಬಂದು ವರ್ಷವಾಗಿಲ್ಲ. ಮಣ್ಣು ತಿಳಿದವರು ಬೇರೆ ಯಾರಿದ್ದಾರೆ ಮೇಡಂ, ನೀವು ನೋಡಿ ಬನ್ನಿ, ಆಮೇಲೆ ನಾನೂ ಬಂದು ನೋಡಿ ಜೊತೆಗೆ ಸಹಿ ಹಾಕುತ್ತೇನೆ ಎಂದುಬಿಟ್ಟರು.

ಹೋದೆವು. ಬಿಸಿಲೆಂದರೆ ಬಿಸಿಲು. ಕಾಕಾ ಹೆಗಲ ಮೇಲೆ ಟವೆಲು ಹಾಕಿಕೊಂಡು ಬದುವಿನ ಮೇಲೆ ನಿಂತಿದ್ದರು. ನಿನ್ನ ಮಗನ ಜವಳ ಆದದ್ದು ಇಲ್ಲಿಯೇ, ನೆನಪಿದೆಯೋ ಇಲ್ಲವೋ ಎಂದು ಕೇಳಿದರು. ನಮ್ಮ ಕಡೆ ಮಕ್ಕಳ ಮೊದಲ ಕೂದಲು ತೆಗೆಸುವುದಕ್ಕೆ ಜವಳ ಎನ್ನುತ್ತಾರೆ, ಈ ಮನೆತನದ ಮಕ್ಕಳೆಲ್ಲರ ಜವಳ ಈ ಹೊಲದಲ್ಲಿಯೇ ಆಗುವುದು ಪದ್ಧತಿ. ಇಪ್ಪತ್ತೆರಡು ವರ್ಷದ ಹಿಂದೆ ಒಂದೇ ಸಲ ಬಂದಿದ್ದೆ. ಮಗ ಕಿರುಚಿದ್ದು ಬಿಟ್ಟರೆ ನನಗೆ ಮತ್ತೇನೂ ನೆನಪಿರಲಿಲ್ಲ, ಆದರೂ ಹೂಂ ಎಂದೆ. ತಗ್ಗು ಬಿರುಕು ಬಿಟ್ಟು ಬಾಯಾರಿ ಬಿದ್ದಿತ್ತು. ಇದು ಕೆರೆಯಾದರೆ ನಮ್ಮ ಓಣಿ ಸಮುದ್ರವೇ ಆಗಬೇಕು ಎಂದರು ಇಮಾಮಸಾಬರು. ಅಲ್ಲೇಕೆ ಬಿಸಿಲಿನಲ್ಲಿ ಸಾಯುತ್ತೀರಿ, ಇಲ್ಲಿ ಬೇವಿನ ಮರದ ಬುಡಕ್ಕೆ ಅಗೆಯಿರಿ, ಎಲ್ಲವೂ ಒಂದೇ ಹೊಲವಲ್ಲವೇ ಎಂದರು ಕಾಕಾ. ಇಲ್ಲಿ ನಾನು ತಪ್ಪೊಪ್ಪಿಕೊಳ್ಳಬೇಕು. ನಾನು ನೆರಳಿಗೇ ಅಗೆದೆ. ಅದು ಹಿಂದೆ ಯಾವಾಗಲೋ ಬಾವಿ ತೋಡಿದ ಮಣ್ಣು ತಂದು ಸುರಿದ ಜಾಗ, ಅದರಲ್ಲಿ ಹೊಲದ ಗುಣ ಎಳ್ಳಷ್ಟೂ ಇರಲಿಲ್ಲ. ‘ಲಕ್ಷಣ ಕಂಡಿಲ್ಲ’ ಎಂದು ಟಿಪ್ಪಣಿ ಬರೆದೆ. ಕಾಕಾ ಖುಷಿಯಾಗಿ ಕಟಕರೊಟ್ಟಿ, ಬೆಣ್ಣೆ, ಶೇಂಗಾ ಹೋಳಿಗೆ ಕಟ್ಟಿಸಿ ಕೊಟ್ಟರು. ಜೀಪು ಹತ್ತಿದ ಮೇಲೆ ಇಮಾಮಸಾಬರು ರಸ್ತೆಯನ್ನೇ ನೋಡುತ್ತ, “ಮೇಡಂರೀ, ನೆರಳಾಗ ತಗ್ಗು ತೋಡಿದ್ರ ನೆರಳ ಸಿಗತೈತಿ” ಎಂದರು. ನಾನು ಹೋಳಿಗೆ ತಿನ್ನುತ್ತಿದ್ದೆ.

ಸಾಹೇಬರು ಟಿಪ್ಪಣಿ ಓದಿ ಕನ್ನಡಕ ತೆಗೆದರು. ಹೊಲದ ಹೆಸರೇ ಜವಳದ ಹೊಲ ಅಂತಿದೆ, ಸವಳು ಜವಳು ಅಂತೀವಲ್ಲ ಮೇಡಂ, ಜವಳು ಅಂದರೆ ನೀರು ನಿಂತು ಕೆಟ್ಟ ನೆಲ, ಹೆಸರಿನಲ್ಲೇ ನೀರಿದ್ದರೂ ನಿಮಗೆ ಲಕ್ಷಣ ಕಾಣಲಿಲ್ಲವೇ ಎಂದು ಕೇಳಿದರು. ನಾನು ಜವಳ ಎಂದರೆ ಕೂದಲು ತೆಗೆಸುವುದೆಂದೆ. ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡು ನನ್ನ ಮುಖ ನೋಡಿದರು. ಅಂದಿನಿಂದ ನನ್ನ ತಲೆಯಲ್ಲಿ ಜವಳದ ಜಾತ್ರೆ. ಕಚೇರಿಗೆ ಹೋದರೆ ಸಾಹೇಬರ ಜವಳು, ಫೋನ್ ತೆಗೆದರೆ ಕಾಕಾನ ಜವಳ, ಮನೆಗೆ ಬಂದರೆ ನಮ್ಮವರ ಜವಳಿ. ಮೂರರ ನಡುವೆ ನನಗೆ ರಾತ್ರಿಯ ಊಟ ರುಚಿಸದಂತಾಯಿತು. ಸಾಹೇಬರು ಮರುಪರಿಶೀಲನೆ ಎಂದು ಷರಾ ಬರೆದರು, ಆ ಸುದ್ದಿ ನನಗಿಂತ ಮೊದಲು ಸುಳ್ಳಕ್ಕೆ ಮುಟ್ಟಿತು.

ಮುಂದಿನ ರವಿವಾರವೇ ಕಾಕಾ ಧಾರವಾಡಕ್ಕೆ ಬಂದಿಳಿದರು, ಜೊತೆಗೆ ಕಾಕಿ. ಕಾಕಾನ ಬಗಲಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ದಪ್ಪ ಆಲ್ಬಮ್ಮು. ನೀರು ಕುಡಿಯುವ ಮೊದಲೇ ಅದನ್ನು ಮೇಜಿನ ಮೇಲಿಟ್ಟು ಬಿಚ್ಚಿದರು. ಮನೆತನದ ಮೂರು ತಲೆಮಾರಿನ ಬೋಳು ತಲೆಗಳು ಅದರಲ್ಲಿದ್ದವು. ಒಂದೊಂದೇ ಹಾಳೆ ತಿರುವಿ, ಇದು ಇಂಥವನ ಜವಳ, ಇದು ಇಂಥವಳ ಜವಳ ಎಂದು ಬೆರಳಿಟ್ಟು ತೋರಿಸಿದರು. ನಮ್ಮವರ ಬೋಳು ತಲೆಯೂ ಬಂದು ಹೋಯಿತು. ಕೊನೆಗೆ ನನ್ನ ಮಗನ ಫೋಟೋದ ಮೇಲೆ ಕೈಯಿಟ್ಟು ಕಾಕಾ ನನ್ನನ್ನು ನೋಡಿದರು.

“ನಿಮ್ಮ ಸಾಹೇಬಗ ಇದನ್ನ ತೋರಿಸವಾ. ಜವಳ ಅಂದ್ರ ಇದು. ಕೂದಲಾ ತಗದ ಹೊಲ ಅದು, ನೀರು ನಿಂತ ಹೊಲ ಅಲ್ಲ” ಎಂದರು.

ಕಾಕಿ ಅಷ್ಟು ಹೊತ್ತೂ ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡು ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದರು. ತಲೆಯೆತ್ತದೆ, “ಕೂದಲಾ ತಗದ ಮ್ಯಾಲೆ ಕೂಸಿಗೆ ಎರಿಯೂದಿಲ್ಲೇನ್ರಿ?” ಎಂದರು. “ಊರಿಂದ ಯಾರೂ ಕೊಡಾ ಹೊತ್ತಿದ್ದಿಲ್ಲ. ಅಲ್ಲೇ ತಂಬಗಿ ಅದ್ದಿ ಎರದಿದ್ದು. ಬ್ಯಾಸಗಿ ಸೂಟ್ಯಾಗ ಸುದ್ದಾ ಮೊಣಕಾಲಮಟ ಇರತಿತ್ತು. ನೀರು ಐತಿ ಅಂತನ ಹಿರ್ಯಾರು ಜವಳಕ್ಕ ಆ ಹೊಲಾ ಆರಿಸಿದ್ದು.”

ನಮ್ಮವರು ಪೇಪರನ್ನು ಮುಖದ ಮುಂದೆ ಹಿಡಿದುಕೊಂಡರು. ನಾನು ಮಗನ ಫೋಟೋವನ್ನು ಕಿಟಕಿಯ ಬೆಳಕಿಗೆ ಒಯ್ದು ನೋಡಿದೆ. ನನ್ನ ತಮ್ಮ ಸೋದರಮಾವನ ಗತ್ತಿನಲ್ಲಿ ಕೂತಿದ್ದಾನೆ, ಅವನ ತೊಡೆಯ ಮೇಲೆ ಮಗ ಬೋಳು ತಲೆಯಲ್ಲಿ ಬಾಯಿ ತೆರೆದು ಅಳುತ್ತಿದ್ದಾನೆ. ಅದರ ಹಿಂದೆ ಜಾಲಿಮರ. ಮರದ ಬೊಡ್ಡೆಯ ಮೇಲೆ ಮೊಣಕಾಲೆತ್ತರಕ್ಕೆ ಯಾರೋ ಗೆರೆ ಎಳೆದಂತೆ ಕಲೆ, ಅದರ ಕೆಳಗೆಲ್ಲ ಒಣಗಿದ ಕೆಸರಿನ ಬಣ್ಣ. ಕೈಪಿಡಿಯಲ್ಲಿ ಇದಕ್ಕೆ ಒಂದು ಇಡೀ ಪುಟವಿದೆ. ಮರದ ಆಚೆ ನೀರು, ನೀರಿನಂಚಿಗೆ ಆಪು, ಜೇಕು ಎಂಬ ನೀರಹುಲ್ಲುಗಳು ಎತ್ತರಕ್ಕೆ ಬೆಳೆದಿವೆ. ಸುತ್ತ ನಿಂತ ಮಕ್ಕಳ ಕಾಲಬುಡದಲ್ಲಿ ಬಸವನಹುಳುವಿನ ಚಿಪ್ಪುಗಳು ಬಿದ್ದಿವೆ. ಒಂದು ವರ್ಷದಿಂದ ನಾನು ಮೊಳಕೈಯವರೆಗೆ ಮಣ್ಣು ಮೆತ್ತಿಕೊಂಡು ಹುಡುಕುತ್ತಿದ್ದ ಲಕ್ಷಣಗಳೆಲ್ಲ ನನ್ನ ಮಗನ ಬೋಳು ತಲೆಯ ಸುತ್ತ ಸಾಲಾಗಿ ನಿಂತಿದ್ದವು. ಮೂಲೆಯಲ್ಲಿ ಒಬ್ಬ ತೆಳ್ಳಗಿನ ಹೆಂಗಸು ಹೊಸ ಇಳಕಲ್ ಸೀರೆಯನ್ನು ಎರಡೂ ಕೈಯಿಂದ ಎತ್ತಿ ಹಿಡಿದು, ಮೂಗು ಮುರಿದುಕೊಂಡು ನಿಂತಿದ್ದಳು. ಅದು ನಾನು. ಆ ದಿನ ಏನೋ ಕೆಟ್ಟ ವಾಸನೆ ಬಂದದ್ದು ಈಗ ನೆನಪಾಯಿತು. ಕೂಸಿನದೇ ಇರಬೇಕೆಂದು ಎರಡು ಸಲ ಎತ್ತಿ ನೋಡಿದ್ದೆ.

ಕಾಕಾ ನಿಧಾನವಾಗಿ ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತು ಫೋಟೋವನ್ನು ನೋಡಿದರು. ಹೊಲದ ಮೇಲ್ಗಡೆಯ ರಸ್ತೆಯನ್ನು ಎತ್ತರಿಸಿದ ಮೇಲೆ ನೀರು ಬೇಸಿಗೆಯವರೆಗೆ ನಿಲ್ಲುವುದು ತಪ್ಪಿದೆ, ಅವರೂ ಮರೆತಿದ್ದರೆಂದು ಕಾಣುತ್ತದೆ. “ಹಂಗಾದ್ರ ಸಾಕ್ಷಿ ನಾನ ತಂದು ಕೊಟ್ಟಂಗಾತಲ್ಲವಾ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಚೆನ್ನಾಗಿತ್ತು. ನನಗೆ ಬಹಳ ಕೆಟ್ಟದೆನಿಸಿತು. ಆ ಹಿರಿಯರು ಮಾತು ಕೊಟ್ಟು ತಪ್ಪಿದವರಲ್ಲ, ಈಗ ಸೊಸೆಯ ದೆಸೆಯಿಂದ ತಪ್ಪಬೇಕಾಗಿತ್ತು. ಊಟಕ್ಕೆ ಕೂತರು, ಒಂದೇ ರೊಟ್ಟಿ ಉಂಡು ಎದ್ದರು. ಹೊರಡುವಾಗ ಆಲ್ಬಮ್ಮನ್ನು ಮೇಜಿನ ಮೇಲೆಯೇ ಬಿಟ್ಟು ಹೋದರು.

ಕಾಕಾ ರಿಕ್ಷಾದ ಕಡೆಗೆ ನಡೆದಾಗ ಕಾಕಿ ಚಪ್ಪಲಿ ಹುಡುಕುವ ನೆವದಲ್ಲಿ ಹಿಂದೆ ನಿಂತರು. ಅವರ ಮನೆ ಆ ಹೊಲದ ಕೆಳಗಿನ ಓಣಿಯಲ್ಲಿದೆ, ಹಿತ್ತಲು ಹೊಲದ ದಿಕ್ಕಿಗೆ. ಮಳೆಗಾಲದಲ್ಲಿ ಊರ ಮೇಲಿನ ನೀರೆಲ್ಲ ಬಂದು ತಂಗುವುದು ಆ ತಗ್ಗಿನಲ್ಲಿ. ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದರು, “ಆ ತಗ್ಗು ಮುಚ್ಚಿದ್ರ ನೀರು ಎಲ್ಲಿ ಹೋಗಬೇಕವಾ? ನಮ್ಮ ಓಣ್ಯಾಗಿನ ಹದಿನಾಕು ಮನಿ ಹೊಗತೈತಿ. ಎರಡು ವರ್ಷದಿಂದ ಹೇಳಾಕತ್ತೇನಿ, ಕೇಳವಲ್ರು. ಹೆಂಡತಿ ಹೇಳಿದ್ರ ಕೇಳೂದಿಲ್ಲ, ಸರಕಾರ ಬರದ್ರ ಕೇಳತಾರ. ನೀ ಬರಿ.”

ಇಪ್ಪತ್ತಾರು ವರ್ಷ ಮಣ್ಣಿನ ಕೆಲಸ ಮಾಡಿದ ನಾನು ಬೇವಿನ ನೆರಳಿಗೂ ಹೋಳಿಗೆಗೂ ಮಾರುಹೋಗಿದ್ದರೆ, ಶಾಲೆಯ ಮೆಟ್ಟಿಲು ಹತ್ತದ ಕಾಕಿ ಮೆಂತ್ಯೆ ಸೊಪ್ಪು ಬಿಡಿಸುತ್ತ ಪರಿಶೀಲನೆ ಮುಗಿಸಿದ್ದರು. ನನ್ನ ಮೇಲೆ ನನಗೇ ಬಂದ ಸಿಟ್ಟಿನಲ್ಲಿ ಮರುದಿನವೇ ಸಾಹೇಬರನ್ನು ಹೊರಡಿಸಿಕೊಂಡು ಸುಳ್ಳಕ್ಕೆ ಹೋದೆ. ಈ ಸಲ ತಗ್ಗಿನ ನಟ್ಟನಡುವೆ, ತಲೆಯ ಮೇಲೆ ಸೂರ್ಯನನ್ನು ಇಟ್ಟುಕೊಂಡು ಅಗೆದೆ. ಮೊಳದ ಆಳದ ಹೆಂಟೆಯನ್ನು ಒಡೆದಾಗ ಕರಿಯ ಒಳಗೆ ಬೂದಿ, ಬೂದಿಯ ಒಳಗೆ ಸತ್ತ ಬೇರುಗಳ ದಾರಿಯುದ್ದಕ್ಕೂ ತುಕ್ಕಿನ ಎಳೆ. ಮೂಗಿಗೆ ಹಿಡಿದರೆ ಇಮಾಮಸಾಬರ ಡಬ್ಬಿಯ ವಾಸನೆ, ತುಸು ಮಂದವಾಗಿ. ಸಾಹೇಬರಿಗೂ ಮೂಸಲು ಕೊಟ್ಟೆ. ಅವರು ಕರವಸ್ತ್ರ ತೆಗೆದು, ಸಾಕು ಮೇಡಂ, ನಂಬಿದೆ ಎಂದರು. ಕಾಕಾ ಆ ದಿನ ಹೊಲಕ್ಕೆ ಬರಲಿಲ್ಲ. ಗೋದಾಮಿನವರಿಗೆ ತಾವೇ ಹೋಗಿ ಹೊಲ ಕೊಡಲಾಗುವುದಿಲ್ಲವೆಂದು ಹೇಳಿ ಬಂದರೆಂದು ಆಮೇಲೆ ನಮ್ಮವರಿಂದ ತಿಳಿಯಿತು. ನನ್ನ ಜೊತೆ ಅವರು ಇನ್ನೂ ಮಾತಾಡಿಲ್ಲ.

ವರದಿಗೆ ಆ ಫೋಟೋವನ್ನೂ ಲಗತ್ತಿಸಬೇಕೆಂದು ಸಾಹೇಬರು ಹಟ ಹಿಡಿದರು. ಈಗ ನೀರು ಕಾಣುವುದಿಲ್ಲ, ಹಿಂದೆ ಇತ್ತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲವಂತೆ. ಕಚೇರಿಯಲ್ಲಿ ಅದನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಜಾಲಿಮರದ ಗೆರೆಯನ್ನು ಮೆಚ್ಚಿಕೊಂಡರು, ಆಪಿನ ಮೇಲೆ ಬೆರಳಿಟ್ಟರು, ಆಮೇಲೆ ಬೆರಳು ಮೂಲೆಗೆ ಸರಿಯಿತು.

“ಸೀರೆ ಎತ್ಕೊಂಡು ನಿಂತಿದ್ದಾರಲ್ಲ, ಈ ಹೆಂಗಸು ಯಾರು ಮೇಡಂ? ಇವರು ಪ್ರತ್ಯಕ್ಷ ಸಾಕ್ಷಿ. ಇವರದೊಂದು ಹೇಳಿಕೆ ತಗೊಳ್ಳಿ” ಎಂದರು.

ದಿನಾ ಎದುರಿಗೆ ಕೂರುವವಳ ಗುರುತು ಸಿಗಲಿಲ್ಲವಲ್ಲ ಎಂದು ನೋವಾಯಿತು. ಯಾರೋ ಊರಿನವರಿರಬೇಕು ಎಂದು ಹೇಳಿಬಿಡಲು ಬಾಯಿ ತೆರೆದವಳು, ಯಾಕೋ ನಿಜವನ್ನೇ ಹೇಳಿದೆ. ಅವರು ಫೋಟೋವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ಆ ಹೊತ್ತಿಗೆ ಕೆಲಸಕ್ಕೆ ಸೇರಿದ್ದಿರಾ ಎಂದು ಕೇಳಿದರು. ಸೇರಿ ನಾಲ್ಕು ವರ್ಷವಾಗಿತ್ತೆಂದೆ. ಅವರು ಹೇಳಿಕೆಯ ನಮೂನೆಯನ್ನು ನನ್ನ ಕಡೆ ಸರಿಸಿದರು. ಸಾಕ್ಷಿಯ ಹೆಸರು, ನಿಂತ ಜಾಗ, ಕಣ್ಣಾರೆ ಕಂಡದ್ದು ಎಂದು ಮೂರು ಕಾಲಮ್ಮು. ಮೊದಲ ಎರಡನ್ನು ತುಂಬಲು ಕಷ್ಟವಾಗಲಿಲ್ಲ. ಮೂರನೆಯದರ ಮುಂದೆ ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಕೊನೆಗೆ ‘ಸೀರೆಯ ಅಂಚು’ ಎಂದು ಬರೆದು, ಹೇಳಿಕೆ ಕೊಟ್ಟವರು ಎಂಬಲ್ಲಿ ಒಂದು, ಹೇಳಿಕೆ ಪಡೆದ ಮಣ್ಣಿನ ತಜ್ಞರು ಎಂಬಲ್ಲಿ ಒಂದು, ಹೀಗೆ ಎರಡು ಸಹಿ ಹಾಕಿ ಕೊಟ್ಟೆ.